ಇ. ಕೋಲಿಯಲ್ಲಿ ಪಿಎಚ್‌ಬಿ: ಫ್ಲಾಸ್ಕಿನಲ್ಲಿ 60%, ಫರ್ಮೆಂಟರಿನಲ್ಲಿ 22%. ಸೋರಿಕೆ ಎಲ್ಲಿ?

#1 ಕಣಸಂಚಿ

ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಪಿಎಚ್‌ಬಿ (ಪಾಲಿಹೈಡ್ರಾಕ್ಸಿಬ್ಯುಟಿರೇಟ್, ಕೊಳೆಯುವ ಪ್ಲಾಸ್ಟಿಕ್) ಮಾಡಿಸುತ್ತಿದ್ದೇನೆ. ವಿವರ ಪೂರ್ತಿ ಹಾಕಿದ್ದೇನೆ. ತಪ್ಪು ಎಲ್ಲಿದೆ ಹೇಳಿ.

ತಳಿ: ಇ. ಕೋಲಿ ಎಕ್ಸ್‌ಎಲ್1-ಬ್ಲೂ. ಸಹಜವಾಗಿ ಪಿಎಚ್‌ಬಿ ಮಾಡುವ ಕುಪ್ರಿಯಾವಿಡಸ್ ನೆಕೇಟರ್ ಬ್ಯಾಕ್ಟೀರಿಯಾದ ಫಾ-ಸಿ, ಫಾ-ಎ, ಫಾ-ಬಿ ಮೂರೂ ಜೀನುಗಳು ತಮ್ಮದೇ ಪ್ರೊಮೋಟರ್ (ಜೀನನ್ನು ಓಡಿಸುವ ಡಿಎನ್‌ಎ ಸ್ವಿಚ್ಚು) ಸಮೇತ, ಹೆಚ್ಚು ಪ್ರತಿಗಳ ಪ್ಲಾಸ್ಮಿಡ್‌ನಲ್ಲಿವೆ (ಕೋಶದೊಳಗಿನ ಬಿಡಿ ಡಿಎನ್‌ಎ ಉಂಗುರ). ಆಂಪಿಸಿಲಿನ್ ಲೀಟರಿಗೆ 100 ಮಿಗ್ರಾಂ.

ಫ್ಲಾಸ್ಕ್: ಎಲ್‌ಬಿ (ಅಮೈನೋ ಆಮ್ಲಗಳಿರುವ ಪುಷ್ಟ ಮಾಧ್ಯಮ) + ಗ್ಲೂಕೋಸ್ 20 ಗ್ರಾಂ/ಲೀ, 30 ಡಿಗ್ರಿ, 48 ಗಂಟೆ. ಒಣ ಕೋಶತೂಕದ 60% ಪಿಎಚ್‌ಬಿ.

ಫರ್ಮೆಂಟರ್: 5 ಲೀಟರ್ ಪಾತ್ರೆಯಲ್ಲಿ 2 ಲೀಟರ್ ಖನಿಜ ಮಾಧ್ಯಮ (ಎಂಆರ್), ಥಯಮಿನ್ 20 ಮಿಗ್ರಾಂ/ಲೀ, 37 ಡಿಗ್ರಿ, ಪಿಎಚ್ 7.0, ಅಮೋನಿಯಾ ನೀರಿನಿಂದ ನಿಯಂತ್ರಣ. ಆರಂಭದ ಗ್ಲೂಕೋಸ್ 40 ಗ್ರಾಂ, ಆಮೇಲೆ 700 ಗ್ರಾಂ/ಲೀ ದ್ರಾವಣದಿಂದ 260 ಗ್ರಾಂ. ಉಣಿಕೆ ಪಿಎಚ್-ಸ್ಟಾಟ್ ಕ್ರಮದಲ್ಲಿ: ಪಿಎಚ್ ಏರಿದಾಗೆಲ್ಲ 25 ಮಿಲಿ ಒಂದೇ ಏಟಿಗೆ.

30 ಗಂಟೆಗೆ: ಓಡಿ (ಕಲ್ಚರಿನ ಮಬ್ಬಿನ ಅಳತೆ) 120, ಒಣ ಕೋಶ 40 ಗ್ರಾಂ/ಲೀ, ಪಿಎಚ್‌ಬಿ 22%, ಅಸಿಟೇಟ್ 9 ಗ್ರಾಂ/ಲೀ, ಉಳಿದ ಗ್ಲೂಕೋಸ್ ಸೊನ್ನೆ ಹತ್ತಿರ, ಅಂತಿಮ ಪ್ರಮಾಣ ಸುಮಾರು 2.4 ಲೀಟರ್. 14ನೇ ಗಂಟೆಯಿಂದ ಡಿಓ (ಕರಗಿದ ಆಮ್ಲಜನಕ) 10% ದಾಟಿಲ್ಲ.

ಜೀನ್ ಬದಲಿಸಬೇಕಾ? ಇನ್ನೂ ಜೋರಾಗಿ ಓಡುವ ಟಿ7 ಪ್ರೊಮೋಟರ್‌ಗೆ ಹೋಗಬೇಕಾ?

#2 ತೊಟ್ಟಿಕಾವಲು

ಜೀನಿನ ತಂಟೆಗೆ ಹೋಗಬೇಡಿ, ಅದು ಫ್ಲಾಸ್ಕಿನಲ್ಲೇ ತನ್ನ ಕೆಲಸ ತೋರಿಸಿದೆ. ನಿಮ್ಮ ಪಟ್ಟಿಯಲ್ಲಿ ಕಣ್ಣಿಗೆ ಹೊಡೆಯುವುದು "25 ಮಿಲಿ ಒಂದೇ ಏಟಿಗೆ" ಅನ್ನೋದು. 25 ಮಿಲಿ ಅಂದರೆ 17.5 ಗ್ರಾಂ ಸಕ್ಕರೆ. 2 ಲೀಟರಿಗೆ ಹಾಕಿದಾಗ ಗ್ಲೂಕೋಸ್ ಒಮ್ಮೆಲೇ 8–9 ಗ್ರಾಂ/ಲೀ ಜಿಗಿಯುತ್ತದೆ. ಇ. ಕೋಲಿ ಸಿಕ್ಕಿದ್ದನ್ನೆಲ್ಲ ನುಂಗುತ್ತದೆ, ಉಸಿರಾಟದ ಸರಪಳಿಗೆ ಅಷ್ಟು ವೇಗವಿಲ್ಲ, ಸಕ್ಕರೆ ಒಡೆದು ಬಂದ ಅಸಿಟೈಲ್-ಕೋಎಯಲ್ಲಿ ಹೆಚ್ಚಾದದ್ದು ಅಸಿಟೇಟ್ ಆಗಿ ಹೊರಗೆ ಬೀಳುತ್ತದೆ. ಪಿಎಚ್‌ಬಿಗೆ ಬೇಕಾದ ಕಚ್ಚಾಮಾಲೂ ಅದೇ ಅಸಿಟೈಲ್-ಕೋಎ. ಹೋದದ್ದು ಅಲ್ಲಿಗೆ. ಜೊತೆಗೆ 9 ಗ್ರಾಂ/ಲೀ ಅಸಿಟೇಟ್ ಬೆಳವಣಿಗೆಯನ್ನೇ ಹಿಡಿದು ಎಳೆಯುತ್ತದೆ.

ಪಿಎಚ್-ಸ್ಟಾಟ್ ಕೆಟ್ಟ ವಿಧಾನವಲ್ಲ. ಗ್ಲೂಕೋಸ್ ಮುಗಿದಾಗ ಕೋಶಗಳು ಅಸಿಟೇಟ್, ಅಮೈನೋ ಆಮ್ಲಗಳನ್ನು ತಿನ್ನತೊಡಗುತ್ತವೆ, ಪಿಎಚ್ ಏರುತ್ತದೆ, ಅದೇ ಹಸಿವಿನ ಗಂಟೆ. ಆದರೆ ಗಂಟೆ ಬಾರಿಸಿದ ಕೂಡಲೇ ಹಂಡೆಗಟ್ಟಲೆ ಸುರಿಯಬಾರದು. ಒಂದು ಸಲಕ್ಕೆ 2–3 ಗ್ರಾಂ/ಲೀ ಏರುವಷ್ಟು ಕೊಡಿ. ಇಲ್ಲವೇ ಘಾತೀಯ ಉಣಿಕೆಗೆ ಬನ್ನಿ:

ಗಂಟೆಗೆ ಬೇಕಾದ ಸಕ್ಕರೆ = (ಬೆಳವಣಿಗೆ ದರ × ಒಟ್ಟು ಕೋಶ) ÷ ಇಳುವರಿ.

ಉಣಿಕೆ ಶುರುವಾಗುವಾಗ 10 ಗ್ರಾಂ/ಲೀ ಕೋಶ, 2 ಲೀಟರ್, ಅಂದರೆ 20 ಗ್ರಾಂ. ದರ ಗಂಟೆಗೆ 0.15, ಇಳುವರಿ 0.4. 20 × 0.15 ÷ 0.4 = 7.5 ಗ್ರಾಂ. 700 ಗ್ರಾಂ/ಲೀ ದ್ರಾವಣದಲ್ಲಿ ಗಂಟೆಗೆ ಸುಮಾರು 10.7 ಮಿಲಿ. ಆಮೇಲೆ 4.6 ಗಂಟೆಗೊಮ್ಮೆ ಪಂಪ್ ವೇಗ ದುಪ್ಪಟ್ಟು. 10ರಿಂದ 40 ಗ್ರಾಂ/ಲೀ ತಲುಪಲು 9 ಗಂಟೆ ಚಿಲ್ಲರೆ. ಅಲ್ಲಿಂದ ಮುಂದೆ ಘಾತೀಯ ಬಿಟ್ಟುಬಿಡಿ, ಏಕೆಂದರೆ ಆಮ್ಲಜನಕ ಸಾಲುವುದಿಲ್ಲ. ಪಂಪನ್ನು ಒಂದೇ ವೇಗಕ್ಕೆ ನಿಲ್ಲಿಸಿ.

ಆಮ್ಲಜನಕದ ಜೊತೆ ಶಾಖವೂ ಬರುತ್ತದೆ. ಒಂದು ಮೋಲ್ ಆಮ್ಲಜನಕ ಬಳಕೆಗೆ ಸುಮಾರು 460 ಕಿಲೋಜೂಲ್. ಗಂಟೆಗೆ ಲೀಟರಿಗೆ 200 ಮಿಲಿಮೋಲ್ ಬಳಸುವ ಕಲ್ಚರ್ ಲೀಟರಿಗೆ 25 ವ್ಯಾಟ್ ಮೀರಿ ಬಿಸಿ ಹೊರಹಾಕುತ್ತದೆ. 5 ಲೀಟರ್ ಪಾತ್ರೆಯಲ್ಲಿ ಜಾಕೆಟ್ ನೀರು ತಡೆದುಕೊಳ್ಳುತ್ತದೆ. 10 ಸಾವಿರ ಲೀಟರ್ ಟ್ಯಾಂಕಿನಲ್ಲಿ ಅದೇ 250 ಕಿಲೋವ್ಯಾಟ್, ಅಲ್ಲಿ ತಣ್ಣೀರೇ ಮಿತಿ.

ಇನ್ನೊಂದು ಮಾತು: ನೊರೆ ಬಂತೆಂದು ಆಂಟಿಫೋಮ್ ಸುರಿದರೆ ಗುಳ್ಳೆಗಳು ಕೂಡಿಕೊಂಡು ದಪ್ಪಗಾಗುತ್ತವೆ, ಆಮ್ಲಜನಕ ವರ್ಗಾವಣೆ ಕುಸಿಯುತ್ತದೆ. ಹನಿ ಹನಿಯಾಗಿ ಹಾಕಿ.

#3 ಅಳತೆಗೋಲು

22% ಅನ್ನೋದು ಯಾವ ವಿಧಾನದಿಂದ? ಸುಡಾನ್ ಬ್ಲ್ಯಾಕ್ ಬಣ್ಣ ಹಾಕಿ ನೋಡಿ ಶೇಕಡಾ ಹೇಳಲು ಬರುವುದಿಲ್ಲ, ಇದೆಯೋ ಇಲ್ಲವೋ ಅಷ್ಟೇ. ಕೊಬ್ಬಿಗೂ ಬಣ್ಣ ಹತ್ತುತ್ತದೆ. ಕಾಲೊನಿ ಆರಿಸಲು ನೈಲ್ ರೆಡ್ ಒಳ್ಳೆಯದು: ಡಿಎಂಎಸ್‌ಒನಲ್ಲಿ ಕರಗಿಸಿ, ಅಗರ್‌ಗೆ ಮಿಲಿಗೆ 0.5 ಮೈಕ್ರೋಗ್ರಾಂ. ಯುವಿ ದೀಪದಡಿ ಕಣವಿರುವ ಕಾಲೊನಿ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ, ಕೋಶ ಸಾಯುವುದೂ ಇಲ್ಲ.

ಅಂಕಿ ಬೇಕಾದರೆ ಮೆಥನಾಲಿಸಿಸ್ (ಆಮ್ಲ ಬೆರೆತ ಮೆಥನಾಲಿನಲ್ಲಿ ಪಾಲಿಮರ್ ಒಡೆಯುವುದು) ಮಾಡಿ ಗ್ಯಾಸ್ ಕ್ರೊಮಟೋಗ್ರಫಿಗೆ (ಜಿಸಿ) ಹಾಕಿ:

ಒಣಗಿದ ಕೋಶ 5–10 ಮಿಗ್ರಾಂ. ಕ್ಲೋರೋಫಾರ್ಮ್ 1 ಮಿಲಿ. 15% ಸಲ್ಫ್ಯೂರಿಕ್ ಆಮ್ಲವಿರುವ ಮೆಥನಾಲ್ 1 ಮಿಲಿ, ಅದರಲ್ಲಿ ಗೊತ್ತಿರುವಷ್ಟು ಬೆಂಜೋಯಿಕ್ ಆಮ್ಲ ಒಳಮಾನಕವಾಗಿ. 100 ಡಿಗ್ರಿಯಲ್ಲಿ 140 ನಿಮಿಷ. ಆರಿದ ಮೇಲೆ ನೀರು ಹಾಕಿ ಚೆನ್ನಾಗಿ ಕುಲುಕಿ, ಪದರ ಬೇರೆಯಾಗಲು ಬಿಡಿ, ಕೆಳಗಿನ ಪದರವನ್ನು ತೆಗೆದುಕೊಳ್ಳಿ.

ಇಲ್ಲಿ ಬಹಳ ಜನ ಎಡವುವುದು ಮುಚ್ಚಳದಲ್ಲಿ. ಕ್ಲೋರೋಫಾರ್ಮ್ 61 ಡಿಗ್ರಿಗೇ ಕುದಿಯುತ್ತದೆ. 100 ಡಿಗ್ರಿಯಲ್ಲಿ ಟ್ಯೂಬಿನೊಳಗೆ ಒತ್ತಡವಿರುತ್ತದೆ. ಟೆಫ್ಲಾನ್ ಪದರದ ತಿರುಪು ಮುಚ್ಚಳ ಇಲ್ಲದಿದ್ದರೆ ದ್ರವ ಆವಿಯಾಗಿ ಅಂಕಿ ಮೇಲೆ ಕೆಳಗೆ ಕುಣಿಯುತ್ತದೆ. ಬಿಸಿ ಮಾಡುವ ಮೊದಲು ದ್ರವದ ಮಟ್ಟಕ್ಕೆ ಗೀಟು ಹಾಕಿ, ಆಮೇಲೆ ನೋಡಿ. ಇಳಿದಿದ್ದರೆ ಆ ಮಾದರಿ ಬಿಸಾಕಿ. ಸೀಳು ಬಿಟ್ಟ ಟ್ಯೂಬು ಬೇಡ, ಎಲ್ಲವೂ ಹೊಗೆಗೂಡಿನೊಳಗೇ.

ಸಾಂದ್ರ ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸಿ ಕ್ರೋಟಾನಿಕ್ ಆಮ್ಲವನ್ನು 235 ನ್ಯಾನೋಮೀಟರಿನಲ್ಲಿ ಓದುವ ಹಳೆಯ ವಿಧಾನವೂ ನಡೆಯುತ್ತದೆ, ಆದರೆ ಪಾಲಿಮರನ್ನು ಮೊದಲು ಕೋಶದಿಂದ ಬೇರೆ ಮಾಡಿಕೊಂಡಿದ್ದರೆ ಮಾತ್ರ. ಕೋಶವನ್ನೇ ನೇರ ಆಮ್ಲಕ್ಕೆ ಹಾಕಿದರೆ ಸಕ್ಕರೆ, ಕೋಶದ ಇತರ ಅಂಶಗಳೂ ಆ ತರಂಗಾಂತರದಲ್ಲಿ ಬೆಳಕು ಹೀರುತ್ತವೆ.

ಓಡಿ ಬಗ್ಗೆಯೂ ಎಚ್ಚರ. ಪಿಎಚ್‌ಬಿ ಕಣ ಬೆಳಕನ್ನು ಜೋರಾಗಿ ಚದುರಿಸುತ್ತದೆ. ಕೋಶದ ಸಂಖ್ಯೆ ಏರದೆಯೂ ಓಡಿ ಏರುತ್ತದೆ. ಅದನ್ನು ನಂಬಿ ಉಣಿಕೆ ಲೆಕ್ಕ ಹಾಕಿದರೆ ಸಕ್ಕರೆ ಹೆಚ್ಚಾಗುತ್ತದೆ. ತೊಟ್ಟಿಕಾವಲು ಅವರ ಸೂತ್ರದಲ್ಲಿರುವ "ಕೋಶ" ಪಿಎಚ್‌ಬಿ ಕಳೆದ ಉಳಿಕೆ ಕೋಶ, ಒಟ್ಟು ಒಣತೂಕ ಅಲ್ಲ.

#4 ಪ್ಲಾಸ್ಮಿಡ್_ಪುರಾಣ

ಅಸಿಟೇಟ್ ಸರಿ, ಆದರೆ ಅದೊಂದೇ ಅಂತ ನಾನು ಒಪ್ಪಲ್ಲ. 30 ಗಂಟೆಯ ಫರ್ಮೆಂಟೇಶನ್, ಆಂಪಿಸಿಲಿನ್, ಹೆಚ್ಚು ಪ್ರತಿಗಳ ಪ್ಲಾಸ್ಮಿಡ್. ಪ್ಲಾಸ್ಮಿಡ್ ಇಲ್ಲದ ಕೋಶಗಳೇ ಅರ್ಧ ತುಂಬಿರಬಹುದು.

ಆಂಪಿಸಿಲಿನ್ ಒಡೆಯುವ ಕಿಣ್ವ ಬೀಟಾ-ಲ್ಯಾಕ್ಟಮೇಸ್ ಕೋಶದಿಂದ ಹೊರಕ್ಕೂ ಸೋರುತ್ತದೆ. ದಟ್ಟ ಕಲ್ಚರಿನಲ್ಲಿ ಆಂಪಿಸಿಲಿನ್ ಕೆಲವೇ ಗಂಟೆಗಳಲ್ಲಿ ಖಾಲಿ. ಆಮೇಲೆ ಪ್ಲಾಸ್ಮಿಡ್ ಬಿಸಾಕಿದ ಕೋಶಕ್ಕೆ ಪಿಎಚ್‌ಬಿ ಹೊರೆ ಇಲ್ಲ, ಅದು ಬೇಗ ಬೆಳೆಯುತ್ತದೆ, ಮನೆಯನ್ನೇ ಆಕ್ರಮಿಸುತ್ತದೆ.

ಪರೀಕ್ಷೆ ಸುಲಭ. 10, 20, 30ನೇ ಗಂಟೆಯ ಮಾದರಿಗಳನ್ನು ತೆಳುಮಾಡಿ ಆಂಟಿಬಯೋಟಿಕ್ ಇಲ್ಲದ ತಟ್ಟೆಗೆ ಹರಡಿ. ಬೆಳೆದ 100 ಕಾಲೊನಿಗಳನ್ನು ಒಂದೊಂದಾಗಿ ಆಂಪಿಸಿಲಿನ್ ಇರುವ ತಟ್ಟೆಗೂ ಇಲ್ಲದ ತಟ್ಟೆಗೂ ಚುಚ್ಚಿ. ಎಷ್ಟು ಬೆಳೆದವು ಎಣಿಸಿ. ನೈಲ್ ರೆಡ್ ಹಾಕಿದ ತಟ್ಟೆಯಾದರೆ ಪ್ಲಾಸ್ಮಿಡ್ ಇದ್ದೂ ಕಣ ಮಾಡದವು ಕೂಡ ಕಾಣುತ್ತವೆ. ಅವು ಬೇರೆ ಗುಂಪು, ಫಾ ಜೀನುಗಳಲ್ಲಿ ರೂಪಾಂತರವಾಗಿರಬಹುದು.

ಪರಿಹಾರ: ಪ್ಲಾಸ್ಮಿಡ್‌ಗೆ ಪಾರ್-ಬಿ ತುಣುಕು ಸೇರಿಸಿ. ಅದರೊಳಗಿನ ಹಾಕ್/ಸಾಕ್ ಜೋಡಿಯಲ್ಲಿ ವಿಷ ಮಾಡಿಸುವ ಆರ್‌ಎನ್‌ಎ ಗಟ್ಟಿ, ಅದನ್ನು ತಡೆಯುವ ಆರ್‌ಎನ್‌ಎ ಅಲ್ಪಾಯುಷಿ. ಪ್ಲಾಸ್ಮಿಡ್ ಕಳೆದುಕೊಂಡ ಮರಿಕೋಶದಲ್ಲಿ ತಡೆ ಕರಗಿ ವಿಷ ಮಾತ್ರ ಉಳಿಯುತ್ತದೆ, ಕೋಶ ಸಾಯುತ್ತದೆ. ಆಂಟಿಬಯೋಟಿಕ್ ಇಲ್ಲದೆಯೇ ಪ್ಲಾಸ್ಮಿಡ್ ನಿಲ್ಲುತ್ತದೆ. ಕ್ರೋಮೋಸೋಮಿಗೇ ಸೇರಿಸುವುದು ಇನ್ನೂ ಗಟ್ಟಿ ದಾರಿ, ಆದರೆ ಒಂದೇ ಪ್ರತಿಯಾದರೆ ಕಿಣ್ವ ಸಾಲುವುದಿಲ್ಲ, ಪ್ರೊಮೋಟರ್ ಬಲಪಡಿಸಬೇಕು.

ಟಿ7 ಬೇಡ. ಅದನ್ನು ಚಾಲೂ ಮಾಡುವ ರಾಸಾಯನಿಕ ಐಪಿಟಿಜಿ ಬಿದ್ದ ಕೂಡಲೇ ಕೋಶ ಪ್ರೋಟೀನ್ ಮಾಡುವುದರಲ್ಲೇ ಮುಳುಗುತ್ತದೆ. ಫಾ-ಸಿ 37 ಡಿಗ್ರಿಯಲ್ಲಿ ಸರಿಯಾಗಿ ಮಡಚಿಕೊಳ್ಳದೆ ಗಂಟಾಗುತ್ತದೆ. ಈ ಮೂರು ಜೀನುಗಳ ಸ್ವಂತ ಪ್ರೊಮೋಟರ್ ಇ. ಕೋಲಿಯಲ್ಲಿ ತಾನಾಗಿ ಸದಾ ಓಡುತ್ತದೆ, ಸಾಕು.

ಮೈಕ್ರೋಸ್ಕೋಪಿನಲ್ಲಿ ಕೋಶಗಳು ದಾರದ ಹಾಗೆ ಉದ್ದವಾಗಿ ಕಂಡವಾ? ಎಕ್ಸ್‌ಎಲ್1-ಬ್ಲೂ ಖನಿಜ ಮಾಧ್ಯಮದಲ್ಲಿ ಪಿಎಚ್‌ಬಿ ತುಂಬಿಕೊಂಡಾಗ ವಿಭಜನೆ ನಿಂತು ಹಾಗಾಗುತ್ತದೆ. ವಿಭಜನೆಗೆ ಬೇಕಾದ ಎಫ್‌ಟಿಎಸ್-ಝಡ್ ಜೀನಿನ ಹೆಚ್ಚುವರಿ ಪ್ರತಿ ಕೊಟ್ಟರೆ ಮತ್ತೆ ವಿಭಜಿಸುತ್ತವೆ.

#5 ಕಣಸಂಚಿ

ದಾರ ಇವೆ, ಸುಮಾರು ಕಾಲುಭಾಗ. ಪಿಎಚ್‌ಬಿ ಅಳತೆ ಜಿಸಿಯಿಂದಲೇ. ಟ್ಯೂಬ್ ಮಟ್ಟ ಇಳಿದಿಲ್ಲ.

ಅಸಿಟೇಟ್ ಮಾಡುವ ಪಿಟಿಎ-ಎಸಿಕೆ ಜೀನುಗಳನ್ನೇ ಅಳಿಸಿಬಿಟ್ಟರೆ ಆಗದಾ?

#6 ಚಯಾಪಚಯ

ನೆಗಡಿ ಬಂತೆಂದು ಮೂಗು ಕೊಯ್ದ ಹಾಗಾಗುತ್ತದೆ. ಪಿಟಿಎ ಅಳಿಸಿದರೆ ಅಸಿಟೇಟ್ ಇಳಿಯುತ್ತದೆ ನಿಜ, ಆದರೆ ಬೆಳವಣಿಗೆ ನಿಧಾನವಾಗಿ, ಪೈರುವೇಟ್ ಮತ್ತು ಲ್ಯಾಕ್ಟೇಟ್ ಹೊರಗೆ ಬೀಳತೊಡಗುತ್ತವೆ. ಸಕ್ಕರೆ ಒಳಬರುವ ವೇಗ ತಗ್ಗಿಸದೆ ಹೊರದಾರಿ ಮುಚ್ಚಿದರೆ ಬೇರೆ ದಾರಿ ತೆರೆದುಕೊಳ್ಳುತ್ತದೆ. ಮೊದಲು ಉಣಿಕೆ ಸರಿಮಾಡಿ.

ಪಿಎಚ್‌ಬಿ ದಾರಿಯ ಮೂರು ಮೆಟ್ಟಿಲನ್ನು ಬಿಡಿಸಿ ನೋಡಿದರೆ ಏನು ತಿರುಚಬೇಕು ಅನ್ನೋದು ತಾನೇ ಗೊತ್ತಾಗುತ್ತದೆ.

ಮೊದಲ ಮೆಟ್ಟಿಲು ಫಾ-ಎ: ಎರಡು ಅಸಿಟೈಲ್-ಕೋಎ ಸೇರಿ ಅಸಿಟೋಅಸಿಟೈಲ್-ಕೋಎ. ಈ ಕ್ರಿಯೆಯ ಸಮತೋಲ ಹಿಂದಕ್ಕೇ ವಾಲಿದೆ, ಒಡೆಯುವ ಕಡೆಗೆ. ಮೇಲಾಗಿ ಬಿಡಿ ಕೋಎ ಈ ಕಿಣ್ವವನ್ನು ತಡೆಯುತ್ತದೆ. ಸಿಟ್ರಿಕ್ ಆಮ್ಲ ಚಕ್ರ ಜೋರಾಗಿ ತಿರುಗುತ್ತಿದ್ದರೆ ಅಸಿಟೈಲ್-ಕೋಎ ಕಡಿಮೆ, ಬಿಡಿ ಕೋಎ ಹೆಚ್ಚು, ಫಾ-ಎ ಮಲಗುತ್ತದೆ. ಅದಕ್ಕೇ ಬೆಳವಣಿಗೆ ಭರಾಟೆಯಲ್ಲಿರುವಾಗ ಪಿಎಚ್‌ಬಿ ಕಡಿಮೆ, ಬೆಳವಣಿಗೆಗೆ ಲಗಾಮು ಬಿದ್ದಾಗ ಹೆಚ್ಚು.

ಎರಡನೆಯದು ಫಾ-ಬಿ: ಒಂದು ಎನ್‌ಎಡಿಪಿಎಚ್ (ಕೋಶ ಪದಾರ್ಥ ಕಟ್ಟಲು ಬಳಸುವ ಎಲೆಕ್ಟ್ರಾನ್ ವಾಹಕ) ಬೇಕು. ಗ್ಲೈಕೋಲಿಸಿಸ್ ಕೊಡುವುದು ಎನ್‌ಎಡಿಎಚ್. ಎನ್‌ಎಡಿಪಿಎಚ್ ಬರುವುದು ಪೆಂಟೋಸ್ ಫಾಸ್ಫೇಟ್ ದಾರಿಯಿಂದ ಮತ್ತು ಐಸೋಸಿಟ್ರೇಟ್ ಡಿಹೈಡ್ರೋಜಿನೇಸಿನಿಂದ. ಎರಡನೆಯದು ಅಸಿಟೈಲ್-ಕೋಎಯನ್ನೇ ಸುಟ್ಟು ಕೊಡುತ್ತದೆ! ಖನಿಜ ಮಾಧ್ಯಮದಲ್ಲಿ ಕೋಶ ಅಮೈನೋ ಆಮ್ಲಗಳನ್ನು ತಾನೇ ಮಾಡಿಕೊಳ್ಳಬೇಕಾದ್ದರಿಂದ ಎನ್‌ಎಡಿಪಿಎಚ್ ಅಲ್ಲಿಗೂ ಹೋಗುತ್ತದೆ. ನಿಮ್ಮ ಎಲ್‌ಬಿ ಫ್ಲಾಸ್ಕಿಗೂ ಫರ್ಮೆಂಟರಿಗೂ ಇರುವ ದೊಡ್ಡ ವ್ಯತ್ಯಾಸ ಇದು. ಎಲ್‌ಬಿಯಲ್ಲಿ ಅಮೈನೋ ಆಮ್ಲ ತಯಾರಾಗಿಯೇ ಸಿಗುತ್ತವೆ. ಖನಿಜ ಮಾಧ್ಯಮಕ್ಕೆ ಸ್ವಲ್ಪ ಟ್ರಿಪ್ಟೋನ್ ಅಥವಾ ಯೀಸ್ಟ್ ಸಾರ ಸೇರಿಸಿದರೆ ಪಿಎಚ್‌ಬಿ ಏರುವುದು ಇದೇ ಕಾರಣಕ್ಕೆ. ಜೀನ್ ಮಟ್ಟದಲ್ಲಿ ಬೇಕಿದ್ದರೆ ಪೆಂಟೋಸ್ ದಾರಿಯ ಝಡ್‌ಡಬ್ಲ್ಯೂಎಫ್ ಜೀನನ್ನು ಹೆಚ್ಚಿಸುತ್ತಾರೆ.

ಮೂರನೆಯದು ಫಾ-ಸಿ: ಕೊಂಡಿ ಜೋಡಿಸುವ ಸಿಂಥೇಸ್. ಇದನ್ನು ಹೆಚ್ಚಿಸಿದಷ್ಟೂ ಒಳ್ಳೆಯದು ಅನ್ನೋದು ತಪ್ಪು ತಿಳಿವಳಿಕೆ. ಸಿಂಥೇಸ್ ಅತಿಯಾದರೆ ಸರಪಳಿಗಳು ಹೆಚ್ಚು ಶುರುವಾಗುತ್ತವೆ, ಪ್ರತಿಯೊಂದೂ ಗಿಡ್ಡ. ಅಣುತೂಕ ಇಳಿದರೆ ನೂಲೂ ಬರುವುದಿಲ್ಲ, ಫಿಲ್ಮೂ ಬರುವುದಿಲ್ಲ.

ಸೈದ್ಧಾಂತಿಕ ಮಿತಿ ನೆನಪಿರಲಿ: ಒಂದು ಗ್ಲೂಕೋಸಿನಿಂದ (180) ಎರಡು ಇಂಗಾಲದ ಡೈಆಕ್ಸೈಡ್ ಕಳೆದು ಒಂದು ಕೊಂಡಿ (86). 86 ÷ 180 = 0.48. ಒಂದು ಕೆಜಿ ಪಿಎಚ್‌ಬಿಗೆ ಕಡಿಮೆಯೆಂದರೆ 2.1 ಕೆಜಿ ಗ್ಲೂಕೋಸ್. ಕೋಶ ಕಟ್ಟುವ ಸಕ್ಕರೆ ಬೇರೆ. ಪಿಎಚ್‌ಬಿ 22% ಇರುವ ಕಲ್ಚರಿನಲ್ಲಿ ಸಕ್ಕರೆಯ ಸಿಂಹಪಾಲು ಕೋಶಕ್ಕೇ ಹೋಗಿರುತ್ತದೆ.

#7 ಹಳೆತಳಿ

ಇಷ್ಟೆಲ್ಲ ಪಾಡು ಯಾಕೆ? ಕುಪ್ರಿಯಾವಿಡಸ್ ನೆಕೇಟರನ್ನೇ ಬೆಳೆಸಿ. ಸಾರಜನಕ ನಿಲ್ಲಿಸಿ, ಸಕ್ಕರೆ ಕೊಡಿ, 80% ಪಿಎಚ್‌ಬಿ ಸಲೀಸಾಗಿ ಬರುತ್ತದೆ. ಪ್ಲಾಸ್ಮಿಡ್ ಇಲ್ಲ, ಆಂಟಿಬಯೋಟಿಕ್ ಇಲ್ಲ. 1926ರಲ್ಲಿ ಫ್ರೆಂಚ್ ವಿಜ್ಞಾನಿ ಲೆಮಾನ್ಯ ಈ ಪದಾರ್ಥ ಕಂಡದ್ದು ಬ್ಯಾಸಿಲಸ್ ಮೆಗಾಟೀರಿಯಂನಲ್ಲಿ. ಪ್ರಕೃತಿ ಆಗಲೇ ಮಾಡಿಟ್ಟ ಕೆಲಸಕ್ಕೆ ಜೀನ್ ತುರುಕುವುದು ಏಕೆ?

#8 ತೊಟ್ಟಿಕಾವಲು

ಹಳೆತಳಿ ಅವರೇ, ಅರ್ಧ ಒಪ್ಪುತ್ತೇನೆ. ಆದರೆ ನೆಕೇಟರಿನ ಎಚ್16 ಮೂಲತಳಿ ಗ್ಲೂಕೋಸನ್ನು ಮುಟ್ಟುವುದೇ ಇಲ್ಲ, ಅದಕ್ಕೆ ಫ್ರಕ್ಟೋಸ್ ಬೇಕು. ಗ್ಲೂಕೋಸ್ ತಿನ್ನುವುದು ಅದರ ರೂಪಾಂತರ ತಳಿಗಳು. ಜೊತೆಗೆ ಅದರೊಳಗೆ ಪಿಎಚ್‌ಬಿ ಕರಗಿಸುವ ಡಿಪಾಲಿಮರೇಸ್ ಇದೆ. ಸಕ್ಕರೆ ಮುಗಿದ ಮೇಲೆ ಕೊಯ್ಲು ತಡವಾದರೆ ಕೂಡಿಟ್ಟದ್ದನ್ನು ತಾನೇ ತಿನ್ನುತ್ತದೆ. ಇ. ಕೋಲಿಯಲ್ಲಿ ಆ ಕಿಣ್ವವಿಲ್ಲ, ಮಾಡಿದ್ದು ಹಾಗೇ ಉಳಿಯುತ್ತದೆ. ಸಾರಜನಕ ನಿಲ್ಲಿಸುವುದೂ ಅನಿವಾರ್ಯವಲ್ಲ.

1988ರಲ್ಲಿ ಈ ಜೀನುಗಳನ್ನು ಇ. ಕೋಲಿಗೆ ತಂದರು. ಹತ್ತು ವರ್ಷದಲ್ಲಿ, 1998ಕ್ಕೆ, ಆಲ್ಕಲಿಜೀನಿಸ್ ಲೇಟಸ್ ಬ್ಯಾಕ್ಟೀರಿಯಾದ ಜೀನುಗಳನ್ನು ಹೊತ್ತ ಇ. ಕೋಲಿ ಲೀಟರಿಗೆ 141.6 ಗ್ರಾಂ ಪಿಎಚ್‌ಬಿ ಕೊಟ್ಟ ವರದಿ ಬಂತು, ಗಂಟೆಗೆ ಲೀಟರಿಗೆ 4.63 ಗ್ರಾಂ ವೇಗದಲ್ಲಿ. ಕಣಸಂಚಿ ಅವರ ತಳಿಗೆ ಇನ್ನೂ ಬಹಳ ಜಾಗ ಇದೆ ಅಂತ ಹೇಳುವುದು ಅದಕ್ಕೇ.

ಎಣ್ಣೆಯಿಂದ ಮಾಡುವುದಾದರೆ ಮಾತ್ರ ನಿಮ್ಮ ನೆಕೇಟರೇ ಸರಿ. ಅಲ್ಲಿ ಇ. ಕೋಲಿ ಹತ್ತಿರವೂ ಸುಳಿಯುವುದಿಲ್ಲ.

#9 ಕುತೂಹಲಿ

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಈ ಬ್ಯಾಕ್ಟೀರಿಯಾ ಹೊರಗೆ ಹೋದರೆ ಮನೆಯಲ್ಲಿರೋ ಪ್ಲಾಸ್ಟಿಕ್ಕನ್ನೆಲ್ಲ ತಿಂದುಹಾಕಲ್ವಾ?

#10 ಅಳತೆಗೋಲು

ಇಲ್ಲ. ಇದು ಪ್ಲಾಸ್ಟಿಕ್ ಮಾಡುವ ಬ್ಯಾಕ್ಟೀರಿಯಾ, ತಿನ್ನುವುದಲ್ಲ. ತಾನು ಮಾಡಿದ್ದನ್ನೇ ಕರಗಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ಪಿಎಚ್‌ಬಿಯನ್ನು ತಿನ್ನುವುದು ಮಣ್ಣಿನಲ್ಲಿ ಮೊದಲಿಂದಲೂ ಇರುವ ಬೇರೆ ಬ್ಯಾಕ್ಟೀರಿಯಾ, ಶಿಲೀಂಧ್ರಗಳು. ಪಾಲಿಥೀನ್ ಇವ್ಯಾವುದಕ್ಕೂ ಆಹಾರವಲ್ಲ. ಚಿಂತಿಸಬೇಕಾದ್ದು ಪ್ಲಾಸ್ಮಿಡ್‌ನಲ್ಲಿರುವ ಆಂಟಿಬಯೋಟಿಕ್ ನಿರೋಧಕ ಜೀನಿನ ಬಗ್ಗೆ. ಅದಕ್ಕೇ ಉಳಿದ ಕಲ್ಚರು, ತೊಳೆದ ನೀರು ಎರಡನ್ನೂ 121 ಡಿಗ್ರಿಯಲ್ಲಿ ಕೊಂದು ಆಮೇಲೆ ಚರಂಡಿಗೆ ಬಿಡುವುದು.

#11 ಸೋಸುಬಟ್ಟೆ

ಕೋಶದಿಂದ ಪಾಲಿಮರ್ ತೆಗೆಯುವ ಮಾತು ಯಾರೂ ಎತ್ತಿಲ್ಲ. 22% ಕೋಶವನ್ನು ನನ್ನ ಕಡೆ ಕಳಿಸಬೇಡಿ! ಒಂದು ಕೆಜಿ ಪಾಲಿಮರಿಗೆ ಮೂರೂವರೆ ಕೆಜಿ ಕೋಶದ ಕಸ ಕರಗಿಸಬೇಕು. 75% ಆದರೆ ಮೂರನೇ ಒಂದು ಕೆಜಿ ಕಸ. ಬೇರ್ಪಡಿಸುವ ಖರ್ಚು ನಿಲ್ಲುವುದು ಇದರ ಮೇಲೆ, ಯಾವ ರಾಸಾಯನಿಕ ಅನ್ನೋದು ಆಮೇಲಿನ ಮಾತು.

ಇ. ಕೋಲಿಗೆ ನಾನು ಮೊದಲು ಹೇಳುವುದು ಸೋಡಿಯಂ ಹೈಡ್ರಾಕ್ಸೈಡ್. 0.2 ನಾರ್ಮಲ್, ಅಂದರೆ ಲೀಟರಿಗೆ 8 ಗ್ರಾಂ. 30 ಡಿಗ್ರಿ, ಒಂದು ಗಂಟೆ, ನಿಧಾನ ಕಲಕಾಟ. ಪಿಎಚ್‌ಬಿ ತುಂಬಿದ ಇ. ಕೋಲಿಯ ಗೋಡೆ ಬಿಗಿದು ತೆಳುವಾಗಿರುತ್ತದೆ, ಸುಲಭವಾಗಿ ಒಡೆಯುತ್ತದೆ. ಪ್ರೋಟೀನ್, ಕೊಬ್ಬು ಕರಗಿ ಹೋಗುತ್ತವೆ, ಕಣ ಉಳಿಯುತ್ತದೆ. ಸೆಂಟ್ರಿಫ್ಯೂಜ್ ಮಾಡಿ ನೀರಿನಲ್ಲಿ ಎರಡು ಮೂರು ಸಲ ತೊಳೆದು ಒಣಗಿಸಿ. ಕೋಶದಲ್ಲಿ ಪಿಎಚ್‌ಬಿ ಮುಕ್ಕಾಲುಪಾಲು ಇದ್ದರೆ 98% ಶುದ್ಧತೆ ಸಿಗುತ್ತದೆ.

ತಪ್ಪುವುದೆಲ್ಲಿ: ಕೋಶ ಒಡೆದ ಕೂಡಲೇ ಡಿಎನ್‌ಎ ಹೊರಬಂದು ದ್ರವ ಲೋಳೆಯಾಗುತ್ತದೆ. ಆ ಲೋಳೆಯಲ್ಲಿ ಕಣ ತಳಕ್ಕಿಳಿಯುವುದಿಲ್ಲ, ಸೆಂಟ್ರಿಫ್ಯೂಜ್ ಎಷ್ಟು ತಿರುಗಿಸಿದರೂ ಮೇಲೆ ಮೋಡವೇ. ಕ್ಷಾರ ಸೇರಿಸುವ ಮೊದಲು ಕೋಶವನ್ನು ತೆಳುಮಾಡಿ, ಲೀಟರಿಗೆ 50 ಗ್ರಾಂ ಒಣತೂಕ ದಾಟದ ಹಾಗೆ. ಆದರೂ ಲೋಳೆಯಾದರೆ ಡಿಎನ್‌ಎ ಕಡಿಯುವ ಕಿಣ್ವ ನ್ಯೂಕ್ಲಿಯೇಸ್ ಹಾಕಬೇಕು, ಆದರೆ ಪಿಎಚ್ ಇಳಿಸಿದ ಮೇಲೆ. ಕ್ಷಾರದಲ್ಲಿ ಆ ಕಿಣ್ವ ಸತ್ತುಹೋಗುತ್ತದೆ.

ಕ್ಷಾರದ ಸಾಂದ್ರತೆ, ಬಿಸಿ, ಸಮಯ ಮೂರನ್ನೂ ಒಟ್ಟಿಗೆ ಏರಿಸಬೇಡಿ. ಪಿಎಚ್‌ಬಿ ಎಸ್ಟರ್ ಅಲ್ಲವೇ, ಕ್ಷಾರ ಅದನ್ನೂ ಕಡಿಯುತ್ತದೆ. ಸೋಡಿಯಂ ಹೈಪೋಕ್ಲೋರೈಟ್ ಇನ್ನೂ ಒರಟು, ಶುದ್ಧತೆ ಚೆನ್ನ, ಅಣುತೂಕ ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ.

ಕ್ಲೋರೋಫಾರ್ಮಿನಿಂದ ತೆಗೆದರೆ ಅಣುತೂಕ ಉಳಿಯುತ್ತದೆ. ಒಣ ಕೋಶ, 60 ಡಿಗ್ರಿ, ಸೋಸಿ, ತಣ್ಣನೆಯ ಮೆಥನಾಲಿಗೆ ನಿಧಾನ ಸುರಿದರೆ ಬಿಳಿ ಹತ್ತಿಯ ಹಾಗೆ ಬೀಳುತ್ತದೆ. ದ್ರಾವಣ 5% ದಾಟಿದರೆ ಜೇನಿನಂತೆ ಗಟ್ಟಿ, ಸೋಸಲು ಆಗುವುದಿಲ್ಲ. ಅದಕ್ಕೇ ದ್ರಾವಕ ರಾಶಿಗಟ್ಟಲೆ ಬೇಕಾಗುತ್ತದೆ, ಪ್ರಯೋಗಶಾಲೆ ದಾಟಿ ಈ ದಾರಿ ಹೋಗುವುದು ಕಷ್ಟ. ಕ್ಲೋರೋಫಾರ್ಮ್ ತ್ಯಾಜ್ಯದ ಬಾಟಲಿಗೆ ಅಸಿಟೋನ್ ಮತ್ತು ಕ್ಷಾರ ಎಂದೂ ಸೇರಬಾರದು, ಸಿಡಿಯುತ್ತದೆ.

ವೈದ್ಯಕೀಯ ಬಳಕೆಗಾದರೆ ಇ. ಕೋಲಿಯ ಎಂಡೋಟಾಕ್ಸಿನ್ (ಕೋಶದ ಹೊರಪೊರೆಯ ವಿಷ) ಬೇರೆ ತಲೆನೋವು. ಕ್ಷಾರದ ವಿಧಾನ ಅದನ್ನೂ ಬಹಳಷ್ಟು ಇಳಿಸುತ್ತದೆ.

#12 ಕರಗುಬಿಂದು

ಪುಡಿ ಬಿಳಿಯಾಗಿ ಬಂತು ಅಂತ ಕೈತೊಳೆದುಕೊಳ್ಳಬೇಡಿ. ಪಿಎಚ್‌ಬಿ ಸುಮಾರು 175–180 ಡಿಗ್ರಿಗೆ ಕರಗುತ್ತದೆ, ಅಲ್ಲಿಂದ ಸ್ವಲ್ಪ ಮೇಲಕ್ಕೆ ಹೋದರೆ ಒಡೆಯತೊಡಗುತ್ತದೆ. ಸರಪಳಿ ತುಂಡಾಗಿ ತುದಿಯಲ್ಲಿ ಕ್ರೋಟಾನಿಕ್ ಗುಂಪು ಉಳಿಯುತ್ತದೆ. ಎಕ್ಸ್‌ಟ್ರೂಡರಿನಲ್ಲಿ ಸಿಗುವ ಕಿಟಕಿ ಬಹಳ ಕಿರಿದು. ಬ್ಯಾರೆಲ್ ಒಳಗೆ ಮಾಲು ಎಷ್ಟು ನಿಮಿಷ ನಿಂತಿತು ಅನ್ನೋದು ಬಿಸಿಯಷ್ಟೇ ಮುಖ್ಯ.

ಸೋಸುಬಟ್ಟೆ ಅವರ ಕ್ಷಾರದ ವಿಧಾನಕ್ಕೆ ನನ್ನ ತಕರಾರು ಇಲ್ಲೇ. ತೊಳೆಯುವುದು ಸಾಲದೆ ಸೋಡಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ ಉಳಿದರೆ ಅವು ಈ ಒಡೆತವನ್ನು ಚುರುಕುಗೊಳಿಸುತ್ತವೆ. ಪ್ರಯೋಗಶಾಲೆಯಲ್ಲಿ 98% ಶುದ್ಧ ಅಂದ ಪುಡಿ ಯಂತ್ರದಲ್ಲಿ ಕಂದು ಬಣ್ಣಕ್ಕೆ ತಿರುಗುವುದು ಆ ಉಳಿದ 2%ನಿಂದ. ಕೊನೆಯ ತೊಳೆತ ಅಯಾನುರಹಿತ ನೀರಿನಲ್ಲಿರಲಿ, ಹೊರಬಂದ ನೀರಿನ ಪಿಎಚ್ ನೋಡಿ. ಪುಡಿಯನ್ನು ನಿರ್ವಾತದಲ್ಲಿ ಚೆನ್ನಾಗಿ ಒಣಗಿಸಿ, ತೇವ ಇದ್ದರೆ ಬಿಸಿಯಲ್ಲಿ ಎಸ್ಟರ್ ಕೊಂಡಿ ಮತ್ತಷ್ಟು ಕಡಿಯುತ್ತದೆ.

ಇನ್ನು ಪೆಡಸುತನ. ಶುದ್ಧ ಪಿಎಚ್‌ಬಿ ಅಚ್ಚಿನಿಂದ ಹೊರಬಂದ ದಿನ ಬಾಗುತ್ತದೆ, ಕೆಲವು ದಿನ ಇಟ್ಟರೆ ಹಪ್ಪಳದ ಹಾಗೆ ಮುರಿಯುತ್ತದೆ. ಅದರ ಗಾಜುಸ್ಥಿತಿ ತಾಪ 4 ಡಿಗ್ರಿ ಆಸುಪಾಸು, ಕೋಣೆಯ ಬಿಸಿಯಲ್ಲೂ ಸರಪಳಿಗಳು ಕದಲುತ್ತ ಹರಳುಗಟ್ಟುತ್ತಲೇ ಇರುತ್ತವೆ. ಎಳೆತಕ್ಕೆ 5% ಹಿಗ್ಗಿದರೆ ಹೆಚ್ಚು.

ಮದ್ದು ಸಹಪಾಲಿಮರ್, ಅಂದರೆ ಸರಪಳಿಯಲ್ಲಿ ಬೇರೆ ಕೊಂಡಿಯನ್ನೂ ಬೆರೆಸುವುದು. ಹೈಡ್ರಾಕ್ಸಿವ್ಯಾಲರೇಟ್ 20% ಸೇರಿದರೆ ಕರಗುವ ತಾಪ 145ರ ಸುತ್ತ ಇಳಿಯುತ್ತದೆ, ಯಂತ್ರಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ಅದಕ್ಕೆ ಪ್ರೊಪಿಯಾನಿಕ್ ಆಮ್ಲ ಉಣಿಸಬೇಕು, ಅದು ಕೋಶಕ್ಕೆ ವಿಷ, ತುಸು ತುಸುವೇ ಕೊಡಬೇಕು. ಎಕ್ಸ್‌ಎಲ್1-ಬ್ಲೂ ಅದನ್ನು ಚೆನ್ನಾಗಿ ಬಳಸಿಕೊಳ್ಳುವುದಿಲ್ಲ. ಕೊಬ್ಬಿನಾಮ್ಲ ಬಳಕೆಯನ್ನು ನಿಯಂತ್ರಿಸುವ ಫ್ಯಾಡ್-ಆರ್, ಎಟಿಒ-ಸಿ ಜೀನುಗಳಲ್ಲಿ ರೂಪಾಂತರಗಳಿರುವ ಎಲ್‌ಎಸ್5218 ತಳಿ ಬೇಕು. ಹೈಡ್ರಾಕ್ಸಿಹೆಕ್ಸನೋಯೇಟ್ ಇನ್ನೂ ಒಳ್ಳೆಯದು, ಹತ್ತರಷ್ಟು ಶೇಕಡಾ ಸಾಕು, ಫಿಲ್ಮ್ ಮೆತ್ತಗಾಗುತ್ತದೆ. 4-ಹೈಡ್ರಾಕ್ಸಿಬ್ಯುಟಿರೇಟ್ ಮಾತ್ರದ ಪಾಲಿಮರ್ ರಬ್ಬರಿನ ಹಾಗೆ ಹಿಗ್ಗುತ್ತದೆ. ಮರುಸಂಯೋಜಿತ ಇ. ಕೋಲಿಯಲ್ಲಿ ಮಾಡಿದ ಅದರ ಹೊಲಿಗೆ ದಾರಕ್ಕೆ ಅಮೆರಿಕದ ಎಫ್‌ಡಿಎ 2007ರಲ್ಲಿ ಅನುಮತಿ ಕೊಟ್ಟಿತು.

"ಜೈವಿಕವಾಗಿ ಕೊಳೆಯುತ್ತದೆ" ಅಂತ ಬರೆಯುವ ಮೊದಲು: ಕಾಂಪೋಸ್ಟ್ ಆಗುವ ಪ್ಯಾಕಿಂಗಿನ ಯುರೋಪಿನ ಮಾನದಂಡ ಇಎನ್ 13432 ಕೇಳುವುದು ಬಿಸಿ ಕಾಂಪೋಸ್ಟಿನಲ್ಲಿ ಆರು ತಿಂಗಳೊಳಗೆ 90% ಇಂಗಾಲ ಡೈಆಕ್ಸೈಡ್ ಆಗಬೇಕು, 12 ವಾರದ ಬಳಿಕ 2 ಮಿಮೀ ಜರಡಿಯಲ್ಲಿ 10%ಗಿಂತ ಹೆಚ್ಚು ಉಳಿಯಬಾರದು ಎಂದು. ಪುಡಿ ಪಾಸಾದರೆ ದಪ್ಪ ಬಾಟಲಿಯೂ ಪಾಸು ಅಂತ ಅರ್ಥವಲ್ಲ. ದಪ್ಪ ಹೆಚ್ಚಾದಷ್ಟೂ ಸಮಯ ಹೆಚ್ಚು.

#13 ಉಪ್ಪುನೀರು

ಪಿಎಚ್‌ಬಿ ಮಾಡುವ ಹ್ಯಾಲೋಮೋನಾಸ್ ಬ್ಯಾಕ್ಟೀರಿಯಾ ಬಗ್ಗೆ ಯಾರೂ ಹೇಳಲಿಲ್ಲ. ಉಪ್ಪು ಸರೋವರದಿಂದ ಬಂದ ಟಿಡಿ01 ತಳಿ ಲೀಟರಿಗೆ 50–60 ಗ್ರಾಂ ಉಪ್ಪು, ಪಿಎಚ್ 9ರ ಹತ್ತಿರ ಬೆಳೆಯುತ್ತದೆ. ಅಲ್ಲಿ ಬೇರೆ ಸೂಕ್ಷ್ಮಜೀವಿ ಬದುಕುವುದು ಅಪರೂಪ, ಮಾಧ್ಯಮವನ್ನು ಆಟೋಕ್ಲೇವ್ ಮಾಡದೆ, ತೆರೆದ ತೊಟ್ಟಿಯಲ್ಲಿ ವಾರಗಟ್ಟಲೆ ಓಡಿಸಬಹುದು. ಉಪ್ಪು ಕೋಶದ ಒಳಒತ್ತಡ ಹೆಚ್ಚಿಸಿರುವುದರಿಂದ ಬರೀ ಸಿಹಿನೀರಿಗೆ ಹಾಕಿದರೆ ಕೋಶ ಒಡೆಯುವ ಅನುಕೂಲವೂ ಉಂಟು.

ಬೆಲೆ ತೆರುವುದು ಬೇರೆ ಕಡೆ: ಸಾಮಾನ್ಯ ಸ್ಟೀಲ್ ತುಕ್ಕು ಹಿಡಿಯುತ್ತದೆ, ಉಪ್ಪುನೀರಿನ ತ್ಯಾಜ್ಯಕ್ಕೆ ದಾರಿ ಹುಡುಕಬೇಕು. ಅದೇ ನೀರನ್ನು ಮತ್ತೆ ಬಳಸಿದರೆ ಕೋಶದ ಕಸ ಸೇರುತ್ತ ಹೋಗಿ ಬೆಳವಣಿಗೆ ಇಳಿಯುತ್ತದೆ.

#14 ಲೆಕ್ಕಿಗ

ಕಣಸಂಚಿ ಅವರ ಸಕ್ಕರೆಯನ್ನು ಒಮ್ಮೆ ಕೂಡಿ ಕಳೆದು ನೋಡೋಣ.

ಕೋಶ: 40 × 2.4 = 96 ಗ್ರಾಂ. ಅದರಲ್ಲಿ 22%, ಅಂದರೆ 21 ಗ್ರಾಂ ಪಿಎಚ್‌ಬಿ, ಉಳಿಕೆ ಕೋಶ 75 ಗ್ರಾಂ.
ಉಳಿಕೆ ಕೋಶಕ್ಕೆ ಸಕ್ಕರೆ: 75 ÷ 0.4 = 188 ಗ್ರಾಂ.
ಪಿಎಚ್‌ಬಿಗೆ, ಇಳುವರಿ 0.4 ಅಂದುಕೊಂಡರೆ: 53 ಗ್ರಾಂ.
ಅಸಿಟೇಟ್: 9 × 2.4 = 21.6 ಗ್ರಾಂ. ಒಂದು ಗ್ಲೂಕೋಸಿನಿಂದ ಎರಡು ಅಸಿಟೇಟ್, ಹಾಗಾಗಿ 32 ಗ್ರಾಂ.
ಒಟ್ಟು 273. ನೀವು ಕೊಟ್ಟದ್ದು 300. 27 ಗ್ರಾಂ ಎಲ್ಲಿ ಹೋಯಿತು?

ಇದೇ ಪಟ್ಟಿಯಿಂದ ಇನ್ನೊಂದು: ಅಸಿಟೇಟ್ ಪೂರ್ತಿ ನಿಂತು ಆ 32 ಗ್ರಾಂ ಪಿಎಚ್‌ಬಿಗೆ ಹೋದರೂ ಸಿಗುವುದು 13 ಗ್ರಾಂ. ಆಗ 109ರಲ್ಲಿ 34 ಗ್ರಾಂ, ಅಂದರೆ 31%. 60 ಆಗುವುದಿಲ್ಲ. ಹಾಗಾಗಿ ಪ್ಲಾಸ್ಮಿಡ್_ಪುರಾಣ ಹೇಳಿದ್ದೂ ಚಯಾಪಚಯ ಹೇಳಿದ್ದೂ ಸೇರಿಯೇ ಉಳಿದ ದೂರ. ಕೋಶಕ್ಕೆ ಹೋದ 188ಕ್ಕೆ ಕೈಹಾಕಬೇಕು. 40 ಗ್ರಾಂ/ಲೀ ತಲುಪಿದ ಮೇಲೆ ಅಮೋನಿಯಾ ಬದಲು ಸೋಡಿಯಂ ಹೈಡ್ರಾಕ್ಸೈಡಿನಿಂದ ಪಿಎಚ್ ಹಿಡಿಯಿರಿ. ಸಾರಜನಕ ತಾನೇ ಮುಗಿಯುತ್ತದೆ, ಬೆಳವಣಿಗೆ ನಿಲ್ಲುತ್ತದೆ, ಆಮೇಲಿನ ಸಕ್ಕರೆ ಕಣಕ್ಕೆ ಹೋಗುತ್ತದೆ. ಇ. ಕೋಲಿಗೆ ಇದು ಅನಿವಾರ್ಯವಲ್ಲ, ಆದರೆ ನಿಮ್ಮ ಸ್ಥಿತಿಯಲ್ಲಿ ಉಪಯೋಗಕ್ಕೆ ಬರುತ್ತದೆ. ಉಣಿಕೆಯನ್ನೂ ಅಷ್ಟೇ ಇಳಿಸಿ, ಇಲ್ಲದಿದ್ದರೆ ಮತ್ತೆ ಅಸಿಟೇಟ್.

#15 ಅಳತೆಗೋಲು

27 ಗ್ರಾಂ ಅಂದರೆ 300ರಲ್ಲಿ 9%. ಕಣಸಂಚಿ, ಗ್ಲೂಕೋಸ್ ಡಬ್ಬಿಯ ಮೇಲೆ ಮೊನೊಹೈಡ್ರೇಟ್ ಅಂತ ಇದೆಯಾ ನೋಡಿ. ಅದರ ಅಣುತೂಕ 198, ಅದರಲ್ಲಿ 18 ನೀರು.

#16 ಕಣಸಂಚಿ

ಇದೆ. ಮೊನೊಹೈಡ್ರೇಟ್.

#17 ತೊಟ್ಟಿಕಾವಲು

ಹಾಗಾದರೆ ನಿಮ್ಮ 700 ನಿಜವಾಗಿ 636. ನಾನು ಹೇಳಿದ 10.7 ಮಿಲಿಯನ್ನು 11.8 ಮಾಡಿಕೊಳ್ಳಿ.

#18 ಲೆಕ್ಕಿಗ

ಇಷ್ಟು ಕರಾರುವಾಕ್ಕಾಗಿ ಕೂಡಿದ್ದರಲ್ಲಿ ಅದೃಷ್ಟವೂ ಇದೆ, 0.4 ಎರಡೂ ನನ್ನ ಊಹೆ. ಮುಂದಿನ ಬ್ಯಾಚಿನಲ್ಲಿ ಹೊರಗಾಳಿಯ ಇಂಗಾಲ ಡೈಆಕ್ಸೈಡ್ ಅಳೆದು ಹಾಕಿ, 20ನೇ ಗಂಟೆಯ ಪ್ಲಾಸ್ಮಿಡ್ ಎಣಿಕೆಯೂ ಬೇಕು.